ಟ್ರ್ಯಾಕ್ಟರ್ ಟ್ರೇಲರಿನ ಟೈರು: ಆರಿಸುವುದು, ಗಾಳಿ ಹಿಡಿಸುವುದು, ಕಾಪಾಡುವುದು

ಕಬ್ಬು ತುಂಬಿದ ಟ್ರೇಲರಿನ ಟೈರು ರಸ್ತೆಯಲ್ಲಿ ಒಡೆದರೆ ಬೈಗುಳ ಹೋಗುವುದು ಟೈರು ಮಾಡಿದವರಿಗೆ, ಇಲ್ಲವೇ ರಸ್ತೆಯ ಗುಂಡಿಗೆ. ಆದರೆ ಒಡೆದ ಟೈರನ್ನು ಬಿಚ್ಚಿ, ಒಳಗೆ ಟಾರ್ಚ್ ಬಿಟ್ಟು ನೋಡಿ. ಪಕ್ಕೆಯ ಒಳಮೈಯಲ್ಲಿ ಸುತ್ತಲೂ ಸುಕ್ಕು, ಉಜ್ಜಿ ಪುಡಿಯಾದ ರಬ್ಬರು, ಅಲ್ಲಲ್ಲಿ ಬಿಚ್ಚಿಕೊಂಡ ದಾರ ಕಾಣುತ್ತವೆ. ಇದು ಒಂದು ಗುಂಡಿಯಿಂದ ಆದ ಗಾಯವಲ್ಲ. ಭಾರ ಹೆಚ್ಚಾಗಿ, ಗಾಳಿ ಕಡಿಮೆಯಾಗಿ, ಸುತ್ತು ಸುತ್ತಿಗೂ ಪಕ್ಕೆ ಮಡಚಿ, ಕಾದು, ವಾರಗಟ್ಟಲೆ ಒಳಗೊಳಗೇ ಸತ್ತ ಟೈರು ಅದು. ಗುಂಡಿ ಕೊನೆಯ ಏಟು ಕೊಟ್ಟಿತು, ಅಷ್ಟೆ.

ಭಾರ ಹೊರುವುದು ರಬ್ಬರಲ್ಲ, ಒಳಗಿರುವ ಗಾಳಿ. ರಬ್ಬರು ಮತ್ತು ನೈಲಾನ್ ದಾರ ಆ ಗಾಳಿಯನ್ನು ಹಿಡಿದಿಡುವ ಚೀಲ. ಎಷ್ಟು ಭಾರ, ಅದಕ್ಕೆ ಎಷ್ಟು ಗಾಳಿ, ಆ ಗಾಳಿಯನ್ನು ತಡೆಯುವಷ್ಟು ಗಟ್ಟಿ ಚೀಲ ಯಾವುದು ಎಂಬ ಮೂರು ಲೆಕ್ಕ ಕೂಡಿಬಂದರೆ ಟೈರು ಹಂಗಾಮು ದಾಟುತ್ತದೆ.

ಮೊದಲು ಕಾಟಾ, ಆಮೇಲೆ ಟೈರಿನ ಅಂಗಡಿ

ಟೈರು ಕೊಳ್ಳುವ ಮುನ್ನ ಒಂದು ಗಾಲಿಯ ಮೇಲೆ ಎಷ್ಟು ಕಿಲೋ ಬೀಳುತ್ತದೆ ಎಂದು ತಿಳಿದಿರಬೇಕು. ಅಂದಾಜು ಸಾಲದು. ನೀವು ಸಾಮಾನ್ಯವಾಗಿ ತುಂಬುವಷ್ಟೇ ತುಂಬಿ ಕಾಟಾಕ್ಕೆ, ಅಂದರೆ ಗಾಡಿ ತೂಗುವ ವೇಬ್ರಿಜ್ಜಿಗೆ ಹೋಗಿ. ಟ್ರೇಲರನ್ನು ಟ್ರ್ಯಾಕ್ಟರಿಗೆ ಜೋಡಿಸಿದಂತೆಯೇ ಇಟ್ಟು, ಟ್ರ್ಯಾಕ್ಟರಿನ ಗಾಲಿಗಳು ಪ್ಲಾಟ್‌ಫಾರ್ಮಿನಿಂದ ಆಚೆ, ಟ್ರೇಲರಿನ ಗಾಲಿಗಳು ಮಾತ್ರ ಅದರ ಮೇಲೆ ಇರುವಂತೆ ನಿಲ್ಲಿಸಿ. ಆಗ ಬರುವ ತೂಕ ನಿಜವಾಗಿ ಟೈರುಗಳು ಹೊರುತ್ತಿರುವ ತೂಕ. ನಾಲ್ಕು ಗಾಲಿಯ ಟ್ರೇಲರಾದರೆ ಮುಂದಿನ ಆಕ್ಸಲ್ ಒಂದನ್ನೇ, ಆಮೇಲೆ ಹಿಂದಿನದೊಂದನ್ನೇ ಪ್ರತ್ಯೇಕವಾಗಿ ತೂಗಿಸಿ. ಎರಡರಲ್ಲೂ ಒಂದೇ ಭಾರ ಇರುವುದು ಅಪರೂಪ.

ಒಂದು ಲೆಕ್ಕ ನೋಡೋಣ. ಖಾಲಿ ಟ್ರೇಲರ್ 1,800 ಕೆ.ಜಿ., ಕಬ್ಬು 6,000 ಕೆ.ಜಿ., ಒಟ್ಟು 7,800. ಹಿಂದಿನ ಆಕ್ಸಲ್ ಮೇಲೆ 4,300, ಮುಂದಿನದರ ಮೇಲೆ 3,500 ಬಿತ್ತು ಎನ್ನಿ. ಹಿಂದಿನ ಒಂದೊಂದು ಟೈರಿನ ಪಾಲು 2,150 ಕೆ.ಜಿ. ಹೊಲದ ದಾರಿಯಲ್ಲಿ ಟ್ರೇಲರ್ ಒಂದು ಕಡೆಗೆ ವಾಲಿದಾಗ ಆ ಬದಿಯ ಟೈರಿಗೆ ಹೆಚ್ಚು ಹೊರೆ ಬೀಳುತ್ತದೆ. ಅದಕ್ಕಾಗಿ ಕನಿಷ್ಠ ನೂರಕ್ಕೆ ಹತ್ತು ಸೇರಿಸಿದರೆ 2,365 ಆಯಿತು. ಈಗ ಟಾಟಾ 407ನಂಥ ಲಘು ಲಾರಿಗಳಿಗೂ ಬಳಸುವ 7.50-16 ಅಳತೆಯ, ಒಂದಕ್ಕೆ 1,500 ಕೆ.ಜಿ. ಹೊರುವ ಟೈರು ಹಾಕಿದ್ದೀರಿ ಎಂದುಕೊಳ್ಳಿ. ನಾಲ್ಕೂ ಸೇರಿ ಹೊರಬಲ್ಲದ್ದು 6,000. ಹತ್ತು ಭಾಗ ಬಿಟ್ಟರೆ 5,400, ಖಾಲಿ ಟ್ರೇಲರಿನ 1,800 ಕಳೆದರೆ ಸರಕಿಗೆ ಉಳಿಯುವುದು 3,600 ಕೆ.ಜಿ. ಮಾತ್ರ. ‘ಹೊಸ ಟೈರು ಹಾಕಿದರೂ ಒಡೆಯಿತು’ ಎನ್ನುವ ಟ್ರೇಲರುಗಳಲ್ಲಿ ಈ ಲೆಕ್ಕವನ್ನೇ ಯಾರೂ ಮಾಡಿರುವುದಿಲ್ಲ.

ಎರಡು ಗಾಲಿಯ ಟಿಪ್ಪಿಂಗ್ ಟ್ರೇಲರಿನ ಕಥೆ ಇನ್ನೂ ಬಿಗಿ. ಒಟ್ಟು 5,000 ಕೆ.ಜಿ.ಯಲ್ಲಿ ಸುಮಾರು 500 ಮೂಕಿಯ (ಟ್ರ್ಯಾಕ್ಟರಿಗೆ ಜೋಡಿಸುವ ಮುಂದಿನ ತೊಲೆಯ) ಮೂಲಕ ಟ್ರ್ಯಾಕ್ಟರಿನ ಮೇಲೆ ಕೂತರೂ 4,500 ಎರಡೇ ಟೈರಿನ ಮೇಲೆ ಉಳಿಯಿತು. ಒಂದಕ್ಕೆ 2,250, ವಾಲುವಿಕೆಯ ಹತ್ತು ಭಾಗ ಸೇರಿ 2,475. ಎರಡು ಗಾಲಿಯ ಭಾರಿ ಟ್ರೇಲರುಗಳಿಗೆ 9.00-20, 10.00-20ರಂಥ ಲಾರಿ ಅಳತೆ ಹಾಕುವುದು ಇದಕ್ಕೇ.

ಇನ್ನೊಂದು ಮಾತು. ಟ್ರೇಲರಿಗೂ ಅದರದೇ ನೋಂದಣಿ ಇರುತ್ತದೆ, ಅದರ ಆರ್.ಸಿ.ಯಲ್ಲಿ ಖಾಲಿ ತೂಕ ಮತ್ತು ಒಟ್ಟು ತೂಕದ ಮಿತಿ ಬರೆದಿರುತ್ತದೆ. ಟೈರು ಎಷ್ಟೇ ಗಟ್ಟಿಯಾಗಿರಲಿ, ಮಿತಿ ಅದೇ. ದೊಡ್ಡ ಟೈರು ಹಾಕಿದ ಮಾತ್ರಕ್ಕೆ ಆಕ್ಸಲ್, ಹಬ್, ಸ್ಪ್ರಿಂಗ್ ಪಟ್ಟಿ, ಬ್ರೇಕು ದೊಡ್ಡವಾಗುವುದಿಲ್ಲ.

ಪಕ್ಕೆಯ ಮೇಲಿನ ಬರಹ ಓದುವುದು

ಟೈರಿನ ಜಾತಕವೆಲ್ಲ ಪಕ್ಕೆಯ ಮೇಲಿದೆ. ‘7.50-16’ ಎಂದರೆ ಟೈರಿನ ಅಗಲ ಸುಮಾರು ಏಳೂವರೆ ಅಂಗುಲ, ಕೂರುವ ರಿಮ್ಮಿನ ವ್ಯಾಸ 16 ಅಂಗುಲ. ನಡುವಿನ ಅಡ್ಡಗೆರೆ ಸಾಮಾನ್ಯ ನೈಲಾನ್ ಟೈರಿನ ಗುರುತು. ಅಲ್ಲಿ ‘ಆರ್’ ಅಕ್ಷರವಿದ್ದರೆ ರೇಡಿಯಲ್, ಅಂದರೆ ದಾರ ಅಂಚಿನಿಂದ ಅಂಚಿಗೆ ನೇರ ಹೋಗುವ ಟೈರು.

‘16 ಪಿ.ಆರ್.’ (ಪ್ಲೈ ರೇಟಿಂಗ್) ಎಂದಿದ್ದರೆ ಒಳಗೆ ಎಣಿಸಿ ಹದಿನಾರು ಪದರ ಇದೆ ಎಂದಲ್ಲ. ಅದು ಗಟ್ಟಿತನದ ಅಳತೆ. ಒಂದೇ ಅಳತೆಯ ಟೈರು ಬೇರೆ ಬೇರೆ ಪಿ.ಆರ್.ಗಳಲ್ಲಿ ಸಿಗುತ್ತದೆ. ಪಿ.ಆರ್. ಹೆಚ್ಚಿದ್ದರೆ ಹೆಚ್ಚು ಗಾಳಿ ತಡೆಯುತ್ತದೆ, ಹೆಚ್ಚು ಗಾಳಿ ಹಿಡಿಸಿದಾಗಲೇ ಹೆಚ್ಚು ಭಾರ ಹೊರುತ್ತದೆ. 16 ಪಿ.ಆರ್. ಟೈರು ತಂದು 10 ಪಿ.ಆರ್.ಗೆ ಹಾಕುವಷ್ಟೇ ಗಾಳಿ ಹಾಕಿದರೆ ಕೊಟ್ಟ ಹೆಚ್ಚಿನ ದುಡ್ಡು ದಂಡ. ಹೊರುವ ಶಕ್ತಿ ಹೆಚ್ಚಲಿಲ್ಲ, ದಪ್ಪ ಪಕ್ಕೆ ಇನ್ನಷ್ಟು ಬೇಗ ಕಾಯುತ್ತದೆ.

ಅದರ ಪಕ್ಕದಲ್ಲಿ ‘122/121’ ರೀತಿಯ ಜೋಡಿ ಸಂಖ್ಯೆ ಮತ್ತು ಒಂದು ಅಕ್ಷರ ಇರುತ್ತದೆ. ಇದು ಹೊರೆಯ ಸಂಕೇತ. ಮೊದಲನೆಯದು ಒಂಟಿ ಟೈರಿಗೆ, ಎರಡನೆಯದು ಲಾರಿಯ ಹಿಂದೆ ಜೋಡಿಯಾಗಿ ಹಾಕಿದಾಗ. ಟ್ರೇಲರಿಗೆ ಒಂಟಿಯಾಗಿ ಹಾಕುವುದರಿಂದ ಮೊದಲ ಸಂಖ್ಯೆಯನ್ನೇ ನೋಡಿ. 110 ಎಂದರೆ 1,060 ಕೆ.ಜಿ., 115ಕ್ಕೆ 1,215, 120ಕ್ಕೆ 1,400, 122ಕ್ಕೆ 1,500, 130ಕ್ಕೆ 1,900, 135ಕ್ಕೆ 2,180, 140ಕ್ಕೆ 2,500, 146ಕ್ಕೆ 3,000. ಮೇಲಿನ ಲೆಕ್ಕದ 2,365 ಕೆ.ಜಿ.ಗೆ ಬೇಕಾದದ್ದು 139, ಅಂದರೆ 2,430 ಕೆ.ಜಿ. ಹೊರುವಂಥದ್ದು.

ಕೊನೆಯ ಅಕ್ಷರ ವೇಗದ್ದು. ಎ6 ಎಂದರೆ ಗಂಟೆಗೆ 30 ಕಿ.ಮೀ., ಎ8 ಎಂದರೆ 40, ಬಿ ಎಂದರೆ 50, ಜೆ 100, ಕೆ 110, ಎಲ್ 120. ನಿಧಾನ ಹೋಗುವಾಗ ಟೈರು ಸ್ವಲ್ಪ ಹೆಚ್ಚು ಹೊರಬಹುದು ಎನ್ನುವ ಮಾತಿದೆ, ಅದು ಸುಳ್ಳಲ್ಲ. ಆದರೆ ಎಷ್ಟು ಹೆಚ್ಚು, ಅದಕ್ಕೆ ಗಾಳಿ ಎಷ್ಟು ಏರಿಸಬೇಕು ಎಂಬುದು ಆಯಾ ಕಂಪನಿಯ ಪಟ್ಟಿಯಲ್ಲಿ ಇರಬೇಕು. ಪಟ್ಟಿ ನೋಡದೆ ಆ ರಿಯಾಯಿತಿಯನ್ನು ತಾವೇ ತೆಗೆದುಕೊಳ್ಳುವುದು ಬೇಡ.

ತಯಾರಿಯ ದಿನಾಂಕ ನಾಲ್ಕು ಅಂಕಿಯಲ್ಲಿದೆ. ‘3823’ ಎಂದರೆ 2023ರ 38ನೇ ವಾರ. ಟ್ರೇಲರಿನ ಟೈರು ವರ್ಷಕ್ಕೆ ಐದಾರು ತಿಂಗಳು ಮಾತ್ರ ಓಡುವುದರಿಂದ ಸವೆಯುವ ಮೊದಲೇ ಮುದಿಯಾಗುತ್ತದೆ. ಎರಡು ವರ್ಷಕ್ಕಿಂತ ಹಳೆಯ ‘ಹೊಸ’ ಟೈರನ್ನು ಪೂರ್ತಿ ಬೆಲೆಗೆ ಕೊಳ್ಳಬೇಡಿ. ಐದು ವರ್ಷ ದಾಟಿದ ಟೈರನ್ನು ಪ್ರತಿ ಹಂಗಾಮಿಗೆ ಮುಂಚೆ ಬಿಚ್ಚಿಸಿ ಒಳಮೈ ನೋಡಿಸಿ. ಹತ್ತು ವರ್ಷವಾದದ್ದು ನೋಡಲು ಎಷ್ಟೇ ಚೆನ್ನಾಗಿದ್ದರೂ ತೆಗೆದುಹಾಕಿ. ಲಾರಿ ಜಾತಿಯ ಟೈರಾದರೆ ಐ.ಎಸ್.ಐ. ಗುರುತಿನ ಜೊತೆ ‘ಐ.ಎಸ್. 15636’ ಸಂಖ್ಯೆ ಇದೆಯೇ ನೋಡಿ. ವಾಣಿಜ್ಯ ವಾಹನಗಳ ಟೈರಿನ ಭಾರತೀಯ ಮಾನಕ ಅದು.

ಟ್ರೇಲರಿಗೆ ಹಾಕಬಾರದ ಟೈರುಗಳು

ರಿಮ್ಮಿಗೆ ಕೂರುತ್ತದೆ ಎಂಬ ಒಂದೇ ಕಾರಣಕ್ಕೆ ಕೈಗೆ ಸಿಕ್ಕಿದ್ದನ್ನು ಹಾಕುವ ರೂಢಿ ಇದೆ. ಟ್ರ್ಯಾಕ್ಟರಿನ ಮುಂದಿನ 6.00-16 ಟೈರೂ ಹದಿನಾರು ಅಂಗುಲದ್ದೇ, ಆದರೆ ಅದು ತಿರುವಿನಲ್ಲಿ ಮಣ್ಣು ಹಿಡಿಯಲು ಉದ್ದುದ್ದ ಏಣುಗಳಿರುವ, ಕಡಿಮೆ ಭಾರದ, ಕಡಿಮೆ ವೇಗದ ಟೈರು. ಟನ್ನುಗಟ್ಟಲೆ ಹೊರೆ ಅದರ ಕೆಲಸವಲ್ಲ. ಎತ್ತಿನ ಗಾಡಿಯ ಟೈರಿನ ಮೇಲೆ ‘ಎ.ಡಿ.ವಿ.’ ಎಂದು ಬರೆದಿರುತ್ತದೆ. ಎತ್ತು ನಡೆಯುವ ವೇಗಕ್ಕೆಂದೇ ಮಾಡಿದ ಅದನ್ನು ಟ್ರ್ಯಾಕ್ಟರಿನ ಹಿಂದೆ ಡಾಂಬರಿನ ಮೇಲೆ ಓಡಿಸಿದರೆ ಹತ್ತು ಕಿಲೋಮೀಟರಿನೊಳಗೆ ಕೈ ಇಡಲಾಗದಷ್ಟು ಕಾಯಬಹುದು. ಕಾರು, ಜೀಪಿನ ಹಳೆ ಟೈರುಗಳ ಮಾತು ಹೇಳಬೇಕಾಗಿಯೇ ಇಲ್ಲ.

ಒಂದೇ ಆಕ್ಸಲ್ಲಿಗೆ ಎಡಕ್ಕೊಂದು ಬಲಕ್ಕೊಂದು ಬೇರೆ ಅಳತೆ, ಬೇರೆ ಪಿ.ಆರ್., ಅಥವಾ ಒಂದು ರೇಡಿಯಲ್ ಇನ್ನೊಂದು ನೈಲಾನ್ ಹಾಕಬೇಡಿ. ಒಂದರ ಪಕ್ಕೆ ಮೆತ್ತಗೆ ಬಾಗುತ್ತದೆ, ಇನ್ನೊಂದರದು ಬಾಗುವುದಿಲ್ಲ. ಟ್ರೇಲರ್ ಒಂದು ಬದಿಗೆ ಎಳೆಯುತ್ತದೆ, ಬ್ರೇಕು ಹಾಕಿದಾಗ ಅಡ್ಡ ತಿರುಗುತ್ತದೆ. ಹೊಸದು ಒಂದೇ ತಂದಿದ್ದರೆ ಅದನ್ನು ಸ್ಟೆಪ್ನಿ ಮಾಡಿ, ಜೋಡಿ ಸಿಕ್ಕಾಗ ಎರಡನ್ನೂ ಒಟ್ಟಿಗೆ ಒಂದೇ ಆಕ್ಸಲ್ಲಿಗೆ ಹಾಕಿ.

ಸೆಕೆಂಡ್ ಹ್ಯಾಂಡ್ ಮತ್ತು ರೀಸೋಲ್

ಕಬ್ಬಿನ ಟ್ರೇಲರುಗಳಲ್ಲಿ ಲಾರಿಯಿಂದ ಇಳಿಸಿದ ಹಳೆ ಟೈರು, ರೀಸೋಲ್ ಮಾಡಿಸಿದ, ಅಂದರೆ ಸವೆದ ಮೈಗೆ ಹೊಸ ರಬ್ಬರ್ ಪಟ್ಟಿ ಹಾಕಿಸಿದ ಟೈರು ಓಡುವುದು ಎಲ್ಲರಿಗೂ ಗೊತ್ತು. ಟ್ರೇಲರಿನ ನಿಧಾನದ ಓಟಕ್ಕೆ ಒಳ್ಳೆಯ ರೀಸೋಲ್ ಟೈರು ಸಾಕಷ್ಟು ಬಾಳುತ್ತದೆ ಎನ್ನುವುದು ನಿಜ. ಆದರೆ ಮೇಲಿನ ಹೊಸ ರಬ್ಬರು ನೋಡಿ ಮರುಳಾಗಬಾರದು. ಕೆಳಗಿರುವ ಹಳೆ ಮೈ ಗಟ್ಟಿ ಇದೆಯೇ ಎಂಬುದೇ ಪ್ರಶ್ನೆ.

ಕೊಳ್ಳುವಾಗ ಟೈರನ್ನು ರಿಮ್ಮಿಲ್ಲದೆ, ಬಿಸಿಲಿನಲ್ಲಿ ನೋಡಿ. ಒಳಮೈಯ ಪಕ್ಕೆಯಲ್ಲಿ ಸುತ್ತಲೂ ಉದ್ದಕ್ಕೆ ಸುಕ್ಕಿನ ಗೆರೆ ಅಥವಾ ಬಣ್ಣ ಬದಲಾದ ಪಟ್ಟಿ ಇದ್ದರೆ ಅದು ಗಾಳಿಯಿಲ್ಲದೆ ಓಡಿದ ಟೈರು. ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಒಳಗೆ ಅಡ್ಡಗೆರೆಯ ನಕ್ಷತ್ರದಂಥ ಬಿರುಕು ಕಂಡರೆ ಕಲ್ಲಿನ ಏಟಿಗೆ ದಾರ ತುಂಡಾಗಿದೆ. ಹೊರಗೆ ಏನೂ ಕಾಣದಿದ್ದರೂ ಭಾರ ಬಿದ್ದ ದಿನ ಒಡೆಯುವುದು ಅಲ್ಲಿಯೇ. ಗೇಟರ್, ಅಂದರೆ ತೂತಿನ ಒಳಗೆ ಹಳೆ ಟೈರಿನ ತುಂಡು ಅಂಟಿಸಿದ್ದರೆ, ಆ ಟೈರು ಹೊಲದೊಳಗೆ ಖಾಲಿ ಓಡಾಟಕ್ಕೆ ಮಾತ್ರ.

ಆಮೇಲೆ ಚಿಕ್ಕ ಸುತ್ತಿಗೆಯಿಂದ ನೆಲ ಮುಟ್ಟುವ ಮೈಯನ್ನು ಸುತ್ತಲೂ ಅಂಗೈಯಗಲಕ್ಕೆ ಒಂದರಂತೆ ತಟ್ಟುತ್ತ ಬನ್ನಿ. ಗಟ್ಟಿ ಇರುವಲ್ಲಿ ಒಂದೇ ಸದ್ದು ಬರುತ್ತದೆ. ಎಲ್ಲಾದರೂ ಸದ್ದು ಮಂದವಾಗಿ ಬದಲಾದರೆ ಅಲ್ಲಿ ಪದರ ಬಿಟ್ಟಿದೆ. ರೀಸೋಲಿನ ಅಂಚನ್ನು ಉಗುರಿನಿಂದ ಎಬ್ಬಿಸಿ ನೋಡಿ, ಒಂದು ಕಡೆ ಉಗುರು ಒಳಹೋದರೂ ಹಂಗಾಮಿನ ನಡುವೆ ಪಟ್ಟಿ ಕಿತ್ತುಬರುತ್ತದೆ. ಕೊನೆಗೆ ಅಂಚಿನ ತಂತಿ: ಬೀಡಿನ (ರಿಮ್ಮಿಗೆ ಕೂರುವ ಅಂಚಿನ) ರಬ್ಬರು ಹರಿದು ತಂತಿ ಕಾಣುತ್ತಿದ್ದರೆ, ತುಕ್ಕು ಹಿಡಿದಿದ್ದರೆ, ಒಂದು ಕಡೆ ಮುರಿದು ಸೊಟ್ಟಗಾಗಿದ್ದರೆ ವಾಪಸು ಕೊಡಿ. ಇದಕ್ಕೆ ರಿಪೇರಿ ಇಲ್ಲ.

ಟ್ಯೂಬು, ಫ್ಲ್ಯಾಪ್, ಡಿಸ್ಕ್

ಹೊಸ ಟೈರಿಗೆ ಹಳೆ ಟ್ಯೂಬು ಹಾಕಿ ಉಳಿಸುವ ಹಣ ಮೊದಲ ಪಂಕ್ಚರಿಗೇ ಹೋಗುತ್ತದೆ. ಓಡಿದ ಟ್ಯೂಬು ಹಿಗ್ಗಿರುತ್ತದೆ. ಹೊಸ ಟೈರಿನೊಳಗೆ ಅದು ಮಡಿಕೆ ಬಿದ್ದು, ಮಡಿಕೆಯಲ್ಲಿ ಉಜ್ಜಿ ಸೀಳುತ್ತದೆ. ಟ್ಯೂಬಿನ ಮೇಲೆ ಬರೆದ ಅಳತೆ ಟೈರಿನ ಅಳತೆಗೆ ಸರಿಹೊಂದಬೇಕು, ರೇಡಿಯಲ್ ಟೈರಿಗೆ ರೇಡಿಯಲ್ ಟ್ಯೂಬೇ ಬೇಕು. ಫ್ಲ್ಯಾಪ್ ಎನ್ನುವುದು ಟ್ಯೂಬು ಮತ್ತು ರಿಮ್ಮಿನ ನಡುವೆ ಕೂರುವ ರಬ್ಬರ್ ಪಟ್ಟಿ. ಅದರ ಅಂಚು ಮುದುಡಿ ಗಟ್ಟಿಯಾಗಿದ್ದರೆ ಬದಲಿಸಿ. ಸಣ್ಣ ಖರ್ಚು, ಆದರೆ ಟ್ಯೂಬು ಉಳಿಸುವುದು ಅದೇ.

ಡಿಸ್ಕಿನ, ಅಂದರೆ ಟೈರು ಕೂರುವ ಕಬ್ಬಿಣದ ಚಕ್ರದ ಅಗಲವೂ ಮುಖ್ಯ. 7.50-16ಕ್ಕೆ ಸಾಮಾನ್ಯವಾಗಿ 6.00 ಅಂಗುಲ ಅಗಲದ ರಿಮ್, 9.00-20ಕ್ಕೆ 7.0, 10.00-20ಕ್ಕೆ 7.5. ಇಕ್ಕಟ್ಟಾದ ರಿಮ್ಮಿಗೆ ದೊಡ್ಡ ಟೈರು ತುರುಕಿದರೆ ನಡು ಮಾತ್ರ ಉಬ್ಬಿ ಸವೆಯುತ್ತದೆ, ಪಕ್ಕೆಯ ಬುಡಕ್ಕೆ ಏಟು ಬೀಳುತ್ತದೆ. ರಿಮ್ಮಿನ ತುಕ್ಕನ್ನು ವೈರ್ ಬ್ರಶ್ಶಿನಿಂದ ತೆಗೆದು, ರೆಡ್ ಆಕ್ಸೈಡ್ ಬಳಿದು, ಪೂರ್ತಿ ಒಣಗಿದ ಮೇಲೆ ಟೈರು ಹಾಕಿಸಿ. ವೆಲ್ಡ್ ಬಿರುಕು, ಅಗಲಗೊಂಡ ನಟ್ಟಿನ ತೂತು, ಬಾಗಿದ ಅಂಚು ಇರುವ ಡಿಸ್ಕಿಗೆ ವೆಲ್ಡಿಂಗ್ ಮಾಡಿಸಿ ಮತ್ತೆ ಹಾಕುವುದು ಬೇಡ. ಟೈರು ಇರುವಾಗಲೇ ಡಿಸ್ಕಿಗೆ ವೆಲ್ಡ್ ಮಾಡುವುದಂತೂ ಪ್ರಾಣಾಪಾಯ. ಗಾಳಿ ಬಿಟ್ಟಿದ್ದರೂ ಒಳಗಿನ ರಬ್ಬರು ಕಾದು ಆವಿಯೆದ್ದು ಬಾಂಬಿನಂತೆ ಸಿಡಿಯುತ್ತದೆ.

ರಿಂಗಿನ ಡಿಸ್ಕಿಗೆ ಗಾಳಿ ಹಿಡಿಸುವಾಗ

ಈ ಭಾಗವನ್ನು ಪಂಕ್ಚರ್ ಅಂಗಡಿಯಲ್ಲಿ ಕೆಲಸ ಕಲಿಯುವ ಹುಡುಗರು ಓದಲೇಬೇಕು. ಲಾರಿ ಅಳತೆಯ ಬಹುತೇಕ ಟ್ಯೂಬ್ ಟೈರುಗಳು ಕೂರುವುದು ಬಿಡಿ ಕಬ್ಬಿಣದ ರಿಂಗಿರುವ ಡಿಸ್ಕಿನ ಮೇಲೆ. ಆ ರಿಂಗ್ ಸರಿಯಾಗಿ ಕೂರದಿದ್ದರೆ, ನೂರು ಪಿ.ಎಸ್.ಐ. (ಗಾಳಿಯ ಒತ್ತಡದ ಅಳತೆ) ಹತ್ತಿರದ ಒತ್ತಡದಲ್ಲಿ ಅದು ಹಾರಿ ಬಂದಾಗ ತಪ್ಪಿಸಿಕೊಳ್ಳಲು ಯಾರಿಗೂ ಸಮಯ ಸಿಗುವುದಿಲ್ಲ. ತಲೆ, ಕುತ್ತಿಗೆ, ಕೈಗೆ ಬೀಳುವ ಏಟಿಗೆ ಜೀವ ಹೋಗುತ್ತದೆ.

ಬಿಚ್ಚುವ ಮೊದಲು ವಾಲ್ವಿನ ಒಳಗಿನ ಪಿನ್ನನ್ನೇ ಕಳಚಿ ಗಾಳಿಯನ್ನು ಪೂರ್ತಿ ಬಿಡಿ. ಸದ್ದು ನಿಂತಿತು ಎಂದು ನಂಬಬೇಡಿ, ತಂತಿ ತೂರಿಸಿ ವಾಲ್ವಿನ ದಾರಿ ಕಟ್ಟಿಲ್ಲ ಎಂದು ನೋಡಿ. ಚಕ್ರದ ನಟ್ಟು ಮುಟ್ಟುವುದು ಅದಾದ ಮೇಲೆ. ಟೈರು ಬೇಕಾದ ಗಾಳಿಯ ನೂರಕ್ಕೆ ಎಂಬತ್ತಕ್ಕಿಂತ ಕಡಿಮೆಯಲ್ಲಿ ಓಡಿ ಬಂದಿದ್ದರೆ ಗಾಡಿಯ ಮೇಲೆಯೇ ಮತ್ತೆ ಗಾಳಿ ತುಂಬಬೇಡಿ. ಗಾಳಿ ಪೂರ್ತಿ ಬಿಟ್ಟು, ಬಿಚ್ಚಿ, ರಿಂಗು, ಬೀಡು, ಒಳಮೈ ನೋಡಿದ ಮೇಲೆಯೇ ತುಂಬಿಸಬೇಕು. ಕಡಿಮೆ ಗಾಳಿಯಲ್ಲಿ ಓಡುವಾಗ ರಿಂಗ್ ಜರುಗಿರುತ್ತದೆ, ಪಕ್ಕೆಯ ದಾರ ಸತ್ತಿರುತ್ತದೆ.

ಜೋಡಿಸುವಾಗ ಬೇರೆ ಡಿಸ್ಕಿನ ರಿಂಗನ್ನು ಇದಕ್ಕೆ ಹಾಕಬೇಡಿ. ನೋಡಲು ಒಂದೇ ಥರ ಇದ್ದರೂ ತೋಡಿನ ಆಳ ಬೇರೆ ಇರಬಹುದು. ತೋಡನ್ನು ತುಕ್ಕು, ಮಣ್ಣಿಲ್ಲದಂತೆ ಉಜ್ಜಿ. ಟ್ಯೂಬು, ಫ್ಲ್ಯಾಪಿಗೆ ಫ್ರೆಂಚ್ ಚಾಕ್ ಪುಡಿ ಸವರಿ. ಅಂಚಿಗೆ ಸೋಪಿನ ನೀರು ಸಾಕು, ಡೀಸೆಲ್, ಗ್ರೀಸು ಹಚ್ಚಬೇಡಿ. ರಿಂಗು ಕೂತ ಮೇಲೆ ಚಕ್ರವನ್ನು ಕಬ್ಬಿಣದ ಪಂಜರದೊಳಗಿಟ್ಟು ಗಾಳಿ ಹಿಡಿಸಬೇಕು. ಪಂಜರವಿಲ್ಲದ ಅಂಗಡಿಯಲ್ಲಿ ರಿಂಗಿನ ಮುಖ ಕೆಳಗೆ ಮಾಡಿ, ಡಿಸ್ಕಿನ ಕಿಂಡಿಯಿಂದ ಟೈರು ಸುತ್ತಿ ಗಟ್ಟಿ ಸರಪಳಿ ಕಟ್ಟುವುದು ಏನೂ ಇಲ್ಲದ್ದಕ್ಕಿಂತ ಮೇಲು, ಪಂಜರದ ಸಮ ಮಾತ್ರ ಅಲ್ಲ. ವಾಲ್ವಿಗೆ ಕಚ್ಚಿಕೊಳ್ಳುವ ಕ್ಲಿಪ್ ಮತ್ತು ಉದ್ದ ಪೈಪ್ ಬಳಸಿ, ಪಕ್ಕಕ್ಕೆ ದೂರ ನಿಂತು ಗಾಳಿ ಹಿಡಿಸಿ. ಮೊದಲು ಬೀಡು ರಿಮ್ಮಿಗೆ ಹತ್ತಿ ಕೂರುವಷ್ಟು ಮಾತ್ರ ಕೊಟ್ಟು ನಿಲ್ಲಿಸಿ, ರಿಂಗ್ ಸುತ್ತಲೂ ಒಂದೇ ಸಮ ಕೂತಿದೆಯೇ ನೋಡಿ. ಕೂತಿಲ್ಲವೆಂದರೆ ಗಾಳಿ ಪೂರ್ತಿ ಬಿಟ್ಟು ಮತ್ತೆ ಮೊದಲಿನಿಂದ. ಗಾಳಿ ಇರುವಾಗ ಸುತ್ತಿಗೆಯಿಂದ ಬಡಿದು ಕೂರಿಸಲು ಹೋದವರೇ ಹೆಚ್ಚಾಗಿ ಪೆಟ್ಟು ತಿನ್ನುವುದು.

ಕೂತ ಮೇಲೆ ಒಮ್ಮೆ ಪೂರ್ತಿ ಗಾಳಿ ಬಿಟ್ಟು ಮತ್ತೆ ತುಂಬಿಸಿ. ಟ್ಯೂಬಿನ ಮಡಿಕೆ, ಫ್ಲ್ಯಾಪಿನ ಸೊಟ್ಟ ಆಗ ಬಿಡಿಸಿಕೊಳ್ಳುತ್ತವೆ.

ಗಾಳಿ: ಎಷ್ಟು, ಯಾವಾಗ

ಟ್ರ್ಯಾಕ್ಟರಿನ ಹಿಂದಿನ ದೊಡ್ಡ ಟೈರಿಗೆ 12ರಿಂದ 20 ಪಿ.ಎಸ್.ಐ. ಸಾಕಾಗುತ್ತದೆ. ಅದೇ ಕಣ್ಣಿನಿಂದ ಟ್ರೇಲರಿನ ಟೈರನ್ನೂ ನೋಡಿ ‘ಗಟ್ಟಿ ಇದೆ’ ಎಂದುಬಿಡುವುದೇ ದೊಡ್ಡ ತಪ್ಪು. ಹೆಚ್ಚು ಪಿ.ಆರ್.ನ ಲಾರಿ ಜಾತಿಯ ಟೈರಿಗೆ ಅದರ ಹಲವು ಪಟ್ಟು ಗಾಳಿ ಬೇಕು. ಪೂರ್ಣ ಹೊರೆಗೆ ಬೇಕಾದ ಒತ್ತಡ ಪಕ್ಕೆಯ ಮೇಲೆ ಅಥವಾ ಕಂಪನಿಯ ಪಟ್ಟಿಯಲ್ಲಿದೆ. ಕೆಲವದರಲ್ಲಿ ಕೆ.ಪಿ.ಎ. ಲೆಕ್ಕದಲ್ಲಿರುತ್ತದೆ: 100 ಕೆ.ಪಿ.ಎ. ಎಂದರೆ 14.5 ಪಿ.ಎಸ್.ಐ.

ಒದ್ದು ನೋಡಿದರೆ, ಕಬ್ಬಿಣದಿಂದ ಬಡಿದು ನೋಡಿದರೆ 60 ಮತ್ತು 90ರ ವ್ಯತ್ಯಾಸ ಗೊತ್ತಾಗುವುದಿಲ್ಲ. 160 ಪಿ.ಎಸ್.ಐ.ವರೆಗೆ ತೋರಿಸುವ ಮೀಟರೊಂದನ್ನು ನಿಮ್ಮದೇ ಟೂಲ್ ಬಾಕ್ಸಿನಲ್ಲಿ ಇಡಿ. ಗಾಳಿ ನೂರಕ್ಕೆ ಇಪ್ಪತ್ತು ಇಳಿದರೆ 1,500 ಕೆ.ಜಿ. ಹೊರುವ ಟೈರು ಸುಮಾರು 1,250ಕ್ಕೆ ಇಳಿಯುತ್ತದೆ. ನಾಲ್ಕು ಟೈರಿನಲ್ಲಿ ಒಂದು ಟನ್ನು ಹೊರೆಯ ಶಕ್ತಿಯೇ ಹೋಯಿತು, ಕಣ್ಣಿಗೆ ಟೈರು ಮೊದಲಿನಂತೆಯೇ ಕಾಣುತ್ತದೆ.

ನೋಡಬೇಕಾದ್ದು ಬೆಳಿಗ್ಗೆ, ಟ್ರೇಲರ್ ಕನಿಷ್ಠ ಮೂರು ಗಂಟೆ ನಿಂತಿದ್ದ ಮೇಲೆ, ಬಿಸಿಲು ಬೀಳುವ ಮುಂಚೆ. ಹಂಗಾಮಿನಲ್ಲಿ ವಾರಕ್ಕೆ ಎರಡು ಸಲ ಮೀಟರ್, ಪ್ರತಿ ಲೋಡಿನ ಮುಂಚೆ ಕಣ್ಣು. ನೂರು ಪಿ.ಎಸ್.ಐ. ಇರುವ ಟೈರಿನಲ್ಲಿ ಪ್ರತಿ ಹತ್ತು ಡಿಗ್ರಿ ತಾಪ ಬದಲಾದರೆ ಸುಮಾರು ನಾಲ್ಕು ಪಿ.ಎಸ್.ಐ. ಬದಲಾಗುತ್ತದೆ. ನಡು ಮಧ್ಯಾಹ್ನ ತುಂಬಿಸಿದ ಗಾಳಿ ಡಿಸೆಂಬರಿನ ನಸುಕಿಗೆ ಏಳೆಂಟು ಇಳಿದಿದ್ದರೆ ಆಶ್ಚರ್ಯವಿಲ್ಲ. ಓಡಿ ಕಾದ ಟೈರಿನಲ್ಲಿ ಒತ್ತಡ ಏರಿರುತ್ತದೆ, ಅದು ಸಹಜ. ಹೆಚ್ಚಾಗಿದೆ ಎಂದು ಅಲ್ಲಿ ಗಾಳಿ ಬಿಟ್ಟರೆ ತಣ್ಣಗಾದಾಗ ಕಡಿಮೆ ಬೀಳುತ್ತದೆ, ಮರುದಿನ ಇನ್ನಷ್ಟು ಕಾಯುತ್ತದೆ. ಏರಿಕೆ ನೂರಕ್ಕೆ ಹದಿನೈದು ಇಪ್ಪತ್ತನ್ನೂ ಮೀರುತ್ತಿದ್ದರೆ ತಣ್ಣಗಿದ್ದಾಗ ಗಾಳಿ ಕಡಿಮೆ ಇತ್ತು, ಇಲ್ಲವೇ ಭಾರ ಅಥವಾ ವೇಗ ಹೆಚ್ಚಾಗಿದೆ.

ವಾಲ್ವಿನ ಮುಚ್ಚಳ ಕಳೆದುಹೋದರೆ ಅಂದೇ ಹಾಕಿ. ದೂಳು ಸೇರಿ ವಾಲ್ವಿನ ಪಿನ್ ಕೂರದೆ ಗಾಳಿ ಹನಿಹನಿಯಾಗಿ ಹೋಗುವುದು ಇದರಿಂದಲೇ. ಎಂಜಲು ಹಚ್ಚಿ ಗುಳ್ಳೆ ಬರುತ್ತದೆಯೇ ಎಂದು ನೋಡುವ ಹಳೆಯ ಉಪಾಯ ಈಗಲೂ ಸರಿಯೇ.

ಸವೆತ ಹೇಳುವ ಮಾತು

ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆ ಅಥವಾ ಭಾರ ಹೆಚ್ಚು. ನಡು ಸವೆದಿದ್ದರೆ ಹೊರೆಗೆ ತಕ್ಕುದಕ್ಕಿಂತ ಹೆಚ್ಚು ಗಾಳಿ, ಖಾಲಿ ಓಡಾಟವೇ ಹೆಚ್ಚಿದ್ದಾಗ ಹೀಗಾಗುತ್ತದೆ. ಅಲ್ಲಲ್ಲಿ ಬೋಳು ತೇಪೆ ಬಿದ್ದಿದ್ದರೆ ಸಡಿಲ ಬೇರಿಂಗ್ ಅಥವಾ ಹಿಡಿದುಕೊಳ್ಳುವ ಬ್ರೇಕು.

ಒಂದೇ ಬದಿ ಸವೆಯುತ್ತಿದ್ದರೆ ಆಕ್ಸಲ್ ಬಾಗಿದೆ ಇಲ್ಲವೇ ಜರುಗಿದೆ. ಟೈರು ಬದಲಿಸುವುದಕ್ಕಿಂತ ಮುಂಚೆ ಇದನ್ನು ಅಳೆಯಿರಿ, ಇಲ್ಲವಾದರೆ ಹೊಸ ಟೈರೂ ಅದೇ ದಾರಿ ಹಿಡಿಯುತ್ತದೆ. ಎರಡು ಗಾಲಿಯ ಟ್ರೇಲರಿನಲ್ಲಿ ಮೂಕಿಯ ಪಿನ್ ತೂತಿನ ನಡುವಿನಿಂದ ಆಕ್ಸಲ್ಲಿನ ಎರಡೂ ತುದಿಗೆ, ನಾಲ್ಕು ಗಾಲಿಯದರಲ್ಲಿ ಮುಂದಿನ ಆಕ್ಸಲ್ ತಿರುಗುವ ಟರ್ನ್‌ಟೇಬಲಿನ ನಡುವಿನ ಪಿನ್ನಿನಿಂದ ಹಿಂದಿನ ಆಕ್ಸಲ್ಲಿನ ಎರಡೂ ತುದಿಗೆ ಟೇಪ್ ಹಿಡಿದು ನೋಡಿ. ಎರಡೂ ಅಳತೆಗಳ ನಡುವೆ 5 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಆಕ್ಸಲ್ ಓರೆಯಾಗಿದೆ. ಹೆಚ್ಚಾಗಿ ಯು-ಬೋಲ್ಟ್ ಸಡಿಲಾಗಿ ಸ್ಪ್ರಿಂಗಿನ ಮೇಲೆ ಜರುಗಿರುತ್ತದೆ, ಇಲ್ಲವೇ ಸ್ಪ್ರಿಂಗ್ ಪಟ್ಟಿಯ ನಡುವಿನ ಬೋಲ್ಟ್ ತುಂಡಾಗಿರುತ್ತದೆ. ಆಕ್ಸಲ್ ಬಾಗಿದೆಯೇ ತಿಳಿಯಲು ಹಬ್ಬಿನ ಎತ್ತರದಲ್ಲಿ ಎರಡು ಟೈರುಗಳ ನಡುವಿನ ಅಂತರವನ್ನು ಮುಂದೆ ಒಮ್ಮೆ, ಹಿಂದೆ ಒಮ್ಮೆ ಅಳೆಯಿರಿ. ವ್ಯತ್ಯಾಸ 3 ಮಿ.ಮೀ. ದಾಟಬಾರದು.

ತೋಡಿನ ನಡುವೆ ಅಡ್ಡಲಾಗಿರುವ ಸಣ್ಣ ರಬ್ಬರ್ ದಿಣ್ಣೆ ಸವೆತದ ಗುರುತು, ಅದರ ಎತ್ತರ 1.6 ಮಿ.ಮೀ. ಟೈರು ಅದಕ್ಕೆ ಸಮ ಬಂದರೆ ಮುಗಿಯಿತು. ಆದರೆ ಹಂಗಾಮಿನ ಆರಂಭಕ್ಕೇ 3 ಮಿ.ಮೀ. ಇಲ್ಲದ ಟೈರು ಕೂಳೆಯ ಮೊನೆ, ಜಾಲಿಮುಳ್ಳು, ಜಲ್ಲಿಯನ್ನು ತಡೆಯದು. ಪಕ್ಕೆಯಲ್ಲಿ ಗಡ್ಡೆ ಎದ್ದಿದ್ದರೆ, ಸೀಳಿನೊಳಗೆ ದಾರ ಕಾಣುತ್ತಿದ್ದರೆ ಅಳತೆ ಬೇಡ, ಅಂದೇ ಇಳಿಸಿ.

ನಟ್ಟು ಮತ್ತು ಹಬ್

ಚಕ್ರ ಹಾಕುವಾಗ ಡಿಸ್ಕ್ ಹಬ್ಬಿಗೆ ತಾಗುವ ಮುಖದಲ್ಲಿ ಮಣ್ಣು, ದಪ್ಪ ಬಣ್ಣ ಇರಬಾರದು. ಅದು ಪುಡಿಯಾದಂತೆ ನಟ್ಟು ಸಡಿಲಾಗುತ್ತದೆ. ಎದುರುಬದುರಾಗಿ ಒಂದೊಂದನ್ನೇ, ಮೂರು ಸುತ್ತಿನಲ್ಲಿ ಬಿಗಿ ಮಾಡಿ. ಮೊದಲ ಹತ್ತು ಕಿಲೋಮೀಟರ್ ಓಡಿದ ಮೇಲೆ ಒಮ್ಮೆ, ಮೊದಲ ಲೋಡ್ ಇಳಿಸಿದ ಮೇಲೆ ಇನ್ನೊಮ್ಮೆ ಪಾನಾ ಹಾಕಿ ನೋಡಿ. ನಟ್ಟಿನ ಸುತ್ತ ತುಕ್ಕಿನ ಕೆಂಪು ಗೆರೆ ಇಳಿದಿದ್ದರೆ ಅದು ಸಡಿಲಾಗಿ ಆಡುತ್ತಿದೆ.

ಹದಿನೈದು ಕಿಲೋಮೀಟರ್ ಆದಮೇಲೆ ನಿಲ್ಲಿಸಿ ಎಲ್ಲ ಹಬ್ಬುಗಳ ಹತ್ತಿರ ಅಂಗೈ ಹಿಡಿದು ಕಾವು ನೋಡಿ, ಆಮೇಲೆ ಮುಟ್ಟಿ. ಒಂದು ಮಾತ್ರ ಉಳಿದವಕ್ಕಿಂತ ಸುಡುತ್ತಿದ್ದರೆ ಬೇರಿಂಗಿಗೆ ಗ್ರೀಸಿಲ್ಲ, ಅತಿ ಬಿಗಿಯಾಗಿದೆ ಅಥವಾ ಬ್ರೇಕು ಬಿಟ್ಟಿಲ್ಲ. ಆ ಕಾವು ಡಿಸ್ಕಿನ ಮೂಲಕ ಟೈರಿನ ಬೀಡಿಗೆ ಇಳಿಯುತ್ತದೆ. ಹಂಗಾಮಿಗೊಮ್ಮೆ ಬೇರಿಂಗ್ ತೆಗೆದು, ಸೀಮೆಎಣ್ಣೆ ಅಥವಾ ಡೀಸೆಲಿನಲ್ಲಿ ತೊಳೆದು, ಒಣಗಿಸಿ, ರೋಲರುಗಳ ಸಂದಿಗೆ ಗ್ರೀಸ್ ಒತ್ತಿ ತುಂಬಿ. ಗಾಲಿ ತಿರುಗಿಸುತ್ತಲೇ ಹಬ್ಬಿನ ನಟ್ಟು ಬಿಗಿ ಮಾಡಿ, ಆಮೇಲೆ ಆರನೇ ಒಂದು ಸುತ್ತಿನಷ್ಟು ಹಿಂದಕ್ಕೆ ಬಿಟ್ಟು ಹೊಸ ಸ್ಪ್ಲಿಟ್ ಪಿನ್ ಹಾಕಿ. ಗಾಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಕಟಕಟ ಎನ್ನಬಾರದು.

ದಾರಿಯಲ್ಲಿ ಬದಲಿಸಬೇಕಾದಾಗ

ತುಂಬಿದ ಟ್ರೇಲರಿಗೆ ಜಾಕಿ ಕೊಡುವುದು ಸಣ್ಣ ಕೆಲಸವಲ್ಲ. ಸಮ ನೆಲ ಸಿಗುವವರೆಗೆ ನಡಿಗೆಯ ವೇಗದಲ್ಲಿ ಸಾಗಿ, ಆ ಟೈರು ಹೋದರೂ ಪರವಾಗಿಲ್ಲ. ಟ್ರ್ಯಾಕ್ಟರನ್ನು ಗೇರಿನಲ್ಲಿಟ್ಟು ಹ್ಯಾಂಡ್ ಬ್ರೇಕ್ ಹಾಕಿ, ಟ್ರೇಲರಿನ ಉಳಿದ ಗಾಲಿಗಳಿಗೆ ಮುಂದೆ ಹಿಂದೆ ಕಲ್ಲು ಕೊಡಿ. ರಾತ್ರಿಯಾದರೆ ಮೊದಲು ಹಿಂದೆ ಐವತ್ತು ಹೆಜ್ಜೆ ದೂರದಲ್ಲಿ ಕೆಂಪು ಪ್ರತಿಫಲಕ ತ್ರಿಕೋನ ಇಡಿ. ನಿಂತ ಟ್ರೇಲರಿಗೆ ಹಿಂದಿನಿಂದ ಬಂದು ಗುದ್ದುವುದು ನಮ್ಮ ರಸ್ತೆಗಳಲ್ಲಿ ಹೊಸತಲ್ಲ. ಕೆಲಸ ಮುಗಿದ ಮೇಲೆ ಗಾಲಿಗೆ ಕೊಟ್ಟ ಕಲ್ಲುಗಳನ್ನು ರಸ್ತೆಯ ಮೇಲೆ ಬಿಟ್ಟು ಹೋಗಬೇಡಿ, ರಾತ್ರಿ ಬೈಕಿನಲ್ಲಿ ಬರುವವರ ಜೀವ ತೆಗೆಯುತ್ತವೆ.

ರಿಂಗಿನ ಡಿಸ್ಕಾದರೆ ಮೊದಲು ಮೇಲೆ ಹೇಳಿದಂತೆ ಗಾಳಿ ಪೂರ್ತಿ ಬಿಟ್ಟು, ಚಕ್ರ ನೆಲದಲ್ಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ. ಜಾಕಿಯ ಕೆಳಗೆ ಎರಡು ಅಂಗುಲ ದಪ್ಪ, ಒಂದಡಿ ಚೌಕದ ಹಲಗೆ ಹಾಕಿ, ಎರೆಮಣ್ಣಿನಲ್ಲಿ ಬರೀ ಜಾಕಿ ಇಳಿದುಬಿಡುತ್ತದೆ. ಜಾಕಿ ಕೊಡುವುದು ಆಕ್ಸಲ್ಲಿಗೆ, ಸ್ಪ್ರಿಂಗಿನ ಹತ್ತಿರ. ಸರಕು ತುಂಬುವ ಡಬ್ಬಿಯ ಚೌಕಟ್ಟಿಗಲ್ಲ. ಎತ್ತಿದ ಮೇಲೆ ಆಕ್ಸಲ್ ಕೆಳಗೆ ಮರದ ದಿಮ್ಮಿ ಇಟ್ಟು, ಭಾರವನ್ನು ಅದರ ಮೇಲೂ ಇಳಿಸಿ. ಯಾರೂ ಟ್ರೇಲರಿನ ಕೆಳಗೆ ತಲೆ ಹಾಕಬಾರದು.

ಹಂಗಾಮು ಮುಗಿದ ಮೇಲೆ

ಕಾರ್ಖಾನೆ ನಿಂತ ಮೇಲೆ ಟ್ರೇಲರ್ ತಿಂಗಳುಗಟ್ಟಲೆ ಒಂದೇ ಕಡೆ ನಿಲ್ಲುತ್ತದೆ. ಆಕ್ಸಲ್ ಕೆಳಗೆ ಗಟ್ಟಿ ಕಲ್ಲು ಅಥವಾ ದಿಮ್ಮಿ ಕೊಟ್ಟು ಟೈರು ನೆಲದಿಂದ ಎರಡು ಬೆರಳು ಮೇಲೇಳುವಂತೆ ಮಾಡಿ. ಅದಾಗದಿದ್ದರೆ ಗಾಳಿ ಪೂರ್ತಿ ಇಟ್ಟು, ತಿಂಗಳಿಗೊಮ್ಮೆ ಕಾಲು ಸುತ್ತು ಮುಂದಕ್ಕೆ ತಳ್ಳಿ. ಬಿಸಿಲು ಬೀಳುವ ಬದಿಗೆ ಗೋಣಿತಾಟು ಕಟ್ಟಿ, ರಾಯಚೂರು ಕಲಬುರಗಿಯ ಏಪ್ರಿಲ್ ಬಿಸಿಲಿಗೆ ಪಕ್ಕೆ ಬಿರುಕು ಬಿಡಲು ಒಂದು ಬೇಸಿಗೆ ಸಾಕು. ಗೊಬ್ಬರದ ಚೀಲ, ಡೀಸೆಲ್ ಡಬ್ಬಿ, ಬ್ಯಾಟರಿ ಆಸಿಡ್ ಹತ್ತಿರ ಇಡಬೇಡಿ. ಹೊಳಪಿಗೆಂದು ಸುಟ್ಟ ಆಯಿಲ್ ಸವರುವವರಿದ್ದಾರೆ. ಅದರಿಂದ ರಬ್ಬರು ಊದಿ ಮೆತ್ತಗಾಗುತ್ತದೆ, ಬರಿ ನೀರಿನಲ್ಲಿ ತೊಳೆದರೆ ಸಾಕು.

ಇಳಿಸಿದ ಬಿಡಿ ಟೈರುಗಳನ್ನು ನೆರಳಿನಲ್ಲಿ ನಿಲ್ಲಿಸಿಡಿ. ಒಳಗೆ ಮಳೆನೀರು ನಿಂತರೆ ರಬ್ಬರಿಗಿಂತ ಮೊದಲು ಮನೆಯವರಿಗೆ ತೊಂದರೆ. ಡೆಂಗಿ ಹರಡುವ ಸೊಳ್ಳೆಗೆ ಹಳೆ ಟೈರಿನ ನೀರಿಗಿಂತ ಒಳ್ಳೆಯ ಜಾಗವಿಲ್ಲ.